ಕೆಮ್ಮಣ್ಣಿನ ಗೆರೆ

ಹುಮನಾಬಾದಿನ ಬಾಡಿಗೆ ಕೋಣೆಯಲ್ಲಿ ನಾನೊಬ್ಬಳೇ. ಕಿಟಕಿ ತೆರೆದರೆ ಫ್ಯಾಕ್ಟರಿಗಳ ವಾಸನೆ, ಮುಚ್ಚಿದರೆ ಸೆಕೆ. ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಹಾಗಾಗಿ ಬೆಳಿಗ್ಗೆ ಬಸವಕಲ್ಯಾಣದ ಬಸ್ಸು ಹತ್ತುವುದೇ ನನಗೆ ಹಬ್ಬ. ಅಲ್ಲಿ ಡಾಕ್ಟರೊಬ್ಬರ ಹೆರಿಗೆ ದವಾಖಾನೆ ಏಳುತ್ತಿತ್ತು, ನಾನು ಅದರ ಸೈಟ್ ಎಂಜಿನಿಯರ್. ನಿಜ ಹೇಳಬೇಕೆಂದರೆ, ನನ್ನನ್ನು ಎಳೆಯುತ್ತಿದ್ದದ್ದು ಕಟ್ಟಡವಲ್ಲ, ಮಧ್ಯಾಹ್ನದ ಊಟ.

ಗೋಡೆ ಕಟ್ಟುವ ಗೌಂಡಿ ಹತ್ತಿರದ ರಾಜೇಶ್ವರ ಎಂಬ ಊರಿನವರು, ನನ್ನ ಅಪ್ಪನ ವಯಸ್ಸಿನವರು. ಬುತ್ತಿ ಬಿಚ್ಚಿದೊಡನೆ ಕೂಗುತ್ತಿದ್ದರು: "ಬಾ ತಂಗಿ, ಒಬ್ಬಾಕಿನ ಯಾಕ ಕುಂತಿ? ಕೈ ತೊಳಕೊ." ಅವರ ಮನೆಯ ರೊಟ್ಟಿ, ಪುಂಡಿಪಲ್ಯ ತಿಂದೇ ನಾನು ಮೊದಲ ಕೆಲವು ತಿಂಗಳು ಕಳೆದೆ.

ನಕ್ಷೆಯನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನಾನು ನೆಲದ ಮೇಲೆ ಕೆಮ್ಮಣ್ಣಿನ ನೀರಿನಿಂದ ಗೆರೆ ಎಳೆಯಬೇಕು, ಅದರ ಮೇಲೆ ಅವರು ಇಟ್ಟಿಗೆ ಇಡಬೇಕು. ನಕ್ಷೆ ಬದಲಾದರೆ ಹಳೆಯ ಗೆರೆಯನ್ನು ಹಸಿ ಗೋಣಿಚೀಲದಿಂದ ಒರೆಸಿ ಹೊಸದು ಎಳೆಯುವವಳೂ ನಾನೇ.

"ಕಾಗದ ನಿನ್ನ ಕಡಿ ಇರ್ಲಿ ತಂಗಿ. ನನಗ ನಿನ್ನ ಗೆರಿ ಸಾಕು" ಎನ್ನುತ್ತಿದ್ದರು.

ವಾರ್ಡಿನ ಮುಂದೆ ಸ್ಟ್ರೆಚರ್ ತಿರುಗುವುದಿಲ್ಲವೆಂದು ಡಾಕ್ಟರು ಇನ್ನೂ ಕಟ್ಟದಿದ್ದ ಒಂದು ಗೋಡೆಯನ್ನು ಎರಡು ಅಡಿ ಹಿಂದೆ ಸರಿಸಲು ಹೇಳಿದರು. ಆರ್ಕಿಟೆಕ್ಟ್ ಕಳಿಸಿದ ಹೊಸ ನಕ್ಷೆ ಮೊಬೈಲಿಗೆ ಬಂದಾಗ ನಾನು ಬಸ್ಸಿನಲ್ಲಿದ್ದೆ. ಇಳಿದ ಮೇಲೆ ಗೆರೆ ಬದಲಿಸಿದರಾಯಿತು ಅಂದುಕೊಂಡೆ. ಸೈಟಿನಲ್ಲಿ ಮರಳಿನ ಲಾರಿಯವನ ಜೊತೆ ಜಗಳ ಹತ್ತಿ, ಮರೆತೇಬಿಟ್ಟೆ. ಮೂರನೆಯ ದಿನ ಡಾಕ್ಟರು ಬಂದಾಗ ಗೋಡೆ ಹಳೆಯ ಗೆರೆಯ ಮೇಲೆ ಎದೆಮಟ್ಟ ಎದ್ದಿತ್ತು.

"ಇದ್ಯಾಕ ಹಿಂಗ?" ಎಂದರು ಡಾಕ್ಟರು.

"ನಾನು ಗೌಂಡಿಯವರಿಗೆ ಹೇಳಿದ್ದೆ ಸರ್" ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು!

ಗೌಂಡಿ ಒಮ್ಮೆ ನನ್ನ ಮುಖ ನೋಡಿದರು. ಎಲ್ಲರೆದುರು ಬೈಸಿಕೊಂಡು, ತಾವು ಕಟ್ಟಿದ ಗೋಡೆಯನ್ನು ತಾವೇ ಒಡೆದರು. ನಾನು ಮೊಬೈಲ್ ನೋಡುತ್ತ ನಿಂತೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅಂದು ಮಧ್ಯಾಹ್ನ ಯಾರೂ ನನ್ನನ್ನು ಕೂಗಲಿಲ್ಲ. ಸಿಮೆಂಟ್ ಚೀಲಗಳ ಮೇಲೆ ಕೂತು ಬಿಸ್ಕಿಟ್ ತಿಂದೆ. ಆಚೆ ಗೌಂಡಿ, ಕೂಲಿಯವರೆಲ್ಲ ನಗುತ್ತ ಉಣ್ಣುವುದು ಕೇಳಿಸುತ್ತಿತ್ತು. ಕೋಣೆಯ ಒಂಟಿತನವನ್ನು ಹೇಗೋ ತಡೆದುಕೊಂಡಿದ್ದೆ, ಇದನ್ನು ತಡೆಯಲಾಗಲಿಲ್ಲ.

ಮುಂದಿನ ಸಲ ನಕ್ಷೆ ಬದಲಾದಾಗ ಗೌಂಡಿ ಮೊಮ್ಮಗಳ ನೋಟ್‌ಬುಕ್ಕಿನ ಹಾಳೆ ತಂದರು. "ಏನ್ ಬದ್ಲಿ ಆಗೇದ ಇದ್ರಾಗ ಬರದು ಸಹಿ ಮಾಡ್ರಿ ಮೇಡಂ." ಆಮೇಲೆ ಪ್ರತಿ ಬದಲಾವಣೆಗೂ ಒಂದೊಂದು ಹಾಳೆ. ಒಂದು ಇಟ್ಟಿಗೆಯೂ ತಪ್ಪಲಿಲ್ಲ. ಆರ್ಕಿಟೆಕ್ಟ್ ಆ ಹಾಳೆಗಳ ಕಡತ ನೋಡಿ, ದಾಖಲೆ ಇಡುವುದನ್ನು ಈ ಹುಡುಗಿಯಿಂದ ಕಲಿಯಬೇಕು ಎಂದು ನನ್ನನ್ನು ಹೊಗಳಿದರು.

ಕೆಲಸ ಮುಗಿಯುವ ವಾರ ಧೈರ್ಯ ಮಾಡಿ ಗೌಂಡಿಯವರ ಬಳಿ ಹೋದೆ. "ತಪ್ಪು ನನ್ನದು. ಗೆರೆ ಬದಲಿಸುವುದನ್ನು ನಾನೇ ಮರೆತಿದ್ದೆ" ಎಂದೆ.

ಅವರು ಗಾರೆ ಮೆತ್ತಿದ ಕರಣೆ ತೊಳೆಯುತ್ತಲೇ ಇದ್ದರು. "ನನಗ ಗೊತ್ತದ್ರಿ ಮೇಡಂ. ಅವತ್ತ ಡಾಕ್ಟರ ಮುಂದ ಹೇಳಬೇಕಿತ್ರಿ."

ಆಮೇಲೆ ಕೈ ಒರೆಸಿಕೊಂಡು, ಸಹಿಗೆಂದು ಕೊನೆಯ ಹಾಳೆಯನ್ನು ನನ್ನ ಮುಂದೆ ಹಿಡಿದರು.