ಗೀಟು ನುಂಗಿದವರು

ಹಿಂದಕ್ಕೆ ಬಾಗಿದ ಆ ಗೀಟನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕಂಪ್ಯೂಟರಿನವರು ಅದಕ್ಕೆ ಬ್ಯಾಕ್‌ಸ್ಲ್ಯಾಶ್ ಎನ್ನುತ್ತಾರೆ.

ತೊಂಬತ್ತರ ದಶಕದಲ್ಲಿ ಆಳಂದದಲ್ಲಿ ನಾನೊಂದು ಕಂಪ್ಯೂಟರ್ ಅಂಗಡಿ ಇಟ್ಟಿದ್ದೆ. ಹೊಲಗಳ ಹಳೆಯ ಪಟ್ಟಿಯನ್ನು ಟೈಪು ಮಾಡಿ, ಊರುವಾರು ಜೋಡಿಸಿ ಕೊಡುವ ಕೆಲಸ ಸಿಕ್ಕಿತ್ತು. ಪಟ್ಟಿ ಬರೆದಿದ್ದವರು ಉರ್ದು ಶಾಲೆಯಲ್ಲಿ ಕಲಿತ, ಊರ ಹೊಲಗಳ ಲೆಕ್ಕ ಇಡುತ್ತಿದ್ದ ಹಳೆಯ ಪಟವಾರಿ. ಬಲದಿಂದ ಎಡಕ್ಕೆ ಬರೆದು ಪಳಗಿದ ಕೈ. ಸರ್ವೆ ನಂಬರಿಗೂ ಅದರೊಳಗಿನ ಪಾಲಿನ ಹಿಸ್ಸೆ ನಂಬರಿಗೂ ನಡುವಿನ ಗೀಟನ್ನು ಹಿಂದಕ್ಕೆ ಬಾಗಿಸಿಯೇ ಎಳೆಯುತ್ತಿದ್ದರು. 45/2 ಎಂಬುದು ಅವರ ಕೈಯಲ್ಲಿ 45\2. ಇದ್ದದ್ದನ್ನು ಇದ್ದ ಹಾಗೇ ಒತ್ತಿದೆ. ಆಮೇಲೆ ಸಾಲುಸಾಲಾಗಿ ಓದಿ ಜೋಡಿಸಲು ಯುನಿಕ್ಸಿನಲ್ಲಿ ಶೆಲ್ ಸ್ಕ್ರಿಪ್ಟ್ ಎಂಬ ಆದೇಶಗಳ ಸರಣಿ ಬರೆದೆ. ಸಾಲು ಓದುವ ಆದೇಶದ ಹೆಸರು ‘ರೀಡ್’. ‘ರೀಡ್’ ಎಂದರೆ ಓದುತ್ತದೆ ಎಂದು ನಂಬಿದ್ದೆ, ದಡ್ಡ.

ಪಟ್ಟಿ ಹೊರಬಿದ್ದ ಮೇಲೆ ಮಟಕಿ ಎಂಬ ಹಳ್ಳಿಯಿಂದ ಒಬ್ಬ ವಿಧವೆ ಅಂಗಡಿಗೆ ಬಂದಳು.

“ಕಂಪ್ಯೂಟರ್ ಕಾಗದದಾಗ ನಂದು ನಾಕನೂರಾ ಐವತ್ತೆರಡು ಅಂತ ಬಂದದಂತ್ರಿ. ಆ ನಂಬರು ಹಳ್ಳದಾಚಿ ಕಲ್ಲುಭೂಮಿದು, ಅಲ್ಲಿಗಿ ಹೋಗು ಅಂತಾನ ಮೈದುನ. ನನ್ನ ಹೊಲದಾಗ ಬಿತ್ತಾಕ ನಿಂತಾನ. ಹಳೇ ಕಾಗದದಾಗ ನಡುವ ಒಂದು ಗೀಟು ಇತ್ರಿ.”

“ಮಷಿನ್ ಸುಳ್ಳು ಹೇಳಂಗಿಲ್ಲ ಯವ್ವ,” ಎಂದೆ. ನನ್ನ ನಾಲಿಗೆ ಸೇದಿಹೋಗಬೇಕಿತ್ತು.

ಮರುದಿನವೂ ಬಂದಳು, ಅದೇ ಮಾತು. ಮೂರನೆಯ ದಿನ, ಇವಳನ್ನು ಒಮ್ಮೆ ಸಾಗಹಾಕಿದರೆ ಸಾಕೆಂದು ನಾನು ಟೈಪು ಮಾಡಿದ್ದ ಫೈಲನ್ನು ತೆರೆದೆ. ಅಲ್ಲಿ 45\2. ಪ್ರಿಂಟಿನಲ್ಲಿ 452. ಆ ದರಿದ್ರ ರೀಡ್‌ಗೆ ಬ್ಯಾಕ್‌ಸ್ಲ್ಯಾಶ್ ಒಂದು ಅಕ್ಷರವೇ ಅಲ್ಲ, ಮುಂದಿನ ಅಕ್ಷರದ ಬಗ್ಗೆ ಒಂದು ಸನ್ನೆ. ಸನ್ನೆ ತಿಳಿದುಕೊಂಡು ಗೀಟನ್ನು ನುಂಗುತ್ತದೆ. ಸಾಲಿನ ಕೊನೆಯಲ್ಲಿ ಸಿಕ್ಕರೆ ಮುಂದಿನ ಸಾಲನ್ನೂ ಎಳೆದು ಅಂಟಿಸಿಕೊಳ್ಳುತ್ತದೆ. ಒಂದು ಎಚ್ಚರಿಕೆಯಿಲ್ಲ, ಏನಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ರೀಡ್ ಪಕ್ಕದಲ್ಲಿ -r ಎಂದು ಬರೆದಿದ್ದರೆ ಮುಗಿದಿತ್ತು, ಗೀಟು ಗೀಟಾಗಿಯೇ ಉಳಿಯುತ್ತಿತ್ತು. ಕೈಪಿಡಿಯಲ್ಲಿ ಆ ಮಾತು ಇತ್ತು. ಕೈಪಿಡಿ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು.

ಸರಿಮಾಡಿ ಹೊಸ ಪಟ್ಟಿ ತೆಗೆದು, ಅವಳ ಜೊತೆಯಲ್ಲೇ ಮಟಕಿಗೆ ಹೋದೆ. ಊರ ಹಿರಿಯರ ಮುಂದೆ ಎರಡೂ ಕಾಗದ ಇಟ್ಟೆ. ಅವಳ ಮೈದುನ ಗೊಣಗುತ್ತ ಎತ್ತು ಬಿಚ್ಚಿಕೊಂಡು ಹೋದ. ಅಷ್ಟರಲ್ಲಿ ಅರ್ಧ ಹೊಲ ಬಿತ್ತಿಯಾಗಿತ್ತು.

“ಮಷಿನ್ ನುಂಗಿತ್ತು ಯವ್ವ,” ಎಂದೆ.

ಅವಳಿಗೆ ಓದಲು ಬರುತ್ತಿರಲಿಲ್ಲ. ಕಾಗದದ ಮೇಲೆ ಬೆರಳಾಡಿಸಿ ಗೀಟು ಹುಡುಕಿ, ಅದರ ಮೇಲೇ ಬೆರಳಿಟ್ಟು ನನ್ನನ್ನು ನೋಡಿದಳು.

“ಗೀಟು ಇತ್ತು ಅಂತ ಮೂರು ದಿನ ನಾ ಹೇಳಿದ್ದು ಮಷಿನ್‌ಗಿ ಅಲ್ಲೋ ತಮ್ಮಾ, ನಿನಗ.”