ಹಳ್ಳದ ನಡುವಿನ ಗೆರೆ

ಗೋಡೆಗೆ ಅಂಟಿಸಿದ ಕಾಗದದ ಅಂಚು ಕೊಂಚ ಎದ್ದಿದ್ದರೆ ಸಾಕು, ನನ್ನ ಉಗುರು ಸುಮ್ಮನಿರುವುದಿಲ್ಲ; ಮೆಲ್ಲನೆ ಸುಲಿದು, ಅಡಿಯಲ್ಲೇನಿದೆ ಎಂದು ಇಣುಕದ ಹೊರತು ಮುಂದಕ್ಕೆ ಹೆಜ್ಜೆ ಬಾರದು. ತಲೆ ನರೆತ ಸಭ್ಯ ಗೃಹಸ್ಥನಿಗೆ ಇದೆಂಥ ಚಪಲವೆಂದು ನೀವು ನಗಬಹುದು. ನಗಿ, ಆದರೆ ಈ ಚಟ ಹತ್ತಿದ ಬಗೆಯನ್ನು ಕೇಳಿ ಆಮೇಲೆ ನಗಿ.

ನಮ್ಮೂರು ಅಜ್ಜಂಪುರದ ಕಡೆಯದು. ಊರಿಗೂ ಬಸ್ಸು ನಿಲ್ಲುವ ರಸ್ತೆಗೂ ನಡುವೆ ಒಂದು ಹಳ್ಳ. ಎಪ್ಪತ್ತರ ದಶಕದಲ್ಲಿ ಎರಡೂ ದಡದವರು ತರೀಕೆರೆ ಕ್ಷೇತ್ರಕ್ಕೇ ಮತ ಹಾಕುತ್ತಿದ್ದೆವು. ಅಲ್ಲಿನ ನಾಯಕರು ಸೇತುವೆಗೆಂದು ಎರಡು ಲೋಡು ಕಲ್ಲನ್ನೂ ಇಳಿಸಿದ್ದರು. ಅಷ್ಟರಲ್ಲಿ ಕ್ಷೇತ್ರಗಳ ಪುನರ್ವಿಂಗಡಣೆಯಾಗಿ, ಗೆರೆ ಹಳ್ಳದ ನಡುವೆಯೇ ಹಾದು, ಈಚೆ ದಡದ ನಾವು ಕಡೂರಿನ ಪಾಲಾದೆವು. ಹಳೆಯ ನಾಯಕರಿಗೆ ನಾವು ಪರಕೀಯರು, ಹೊಸಬರಿಗೆ ಆಚೆ ದಡ ಪರಸ್ಥಳ. ಅರ್ಧ ಸೇತುವೆ ಕಟ್ಟುವ ವಿದ್ಯೆ ಇಬ್ಬರಿಗೂ ತಿಳಿಯದಿದ್ದುದರಿಂದ ಆ ಕಲ್ಲುಗಳಿಗೆ ಎಮ್ಮೆಗಳು ಮೈ ತಿಕ್ಕಿಕೊಂಡವು.

ಊರಿಗೆ ಊರೇ ಅನುಮಾನದಿಂದ ಕುದಿಯಿತು. ನನ್ನ ಚಿಕ್ಕಮ್ಮನಂತೂ ಹಾಲಿನವಳ ಚೊಂಬನ್ನೂ ಗುಡಿಯ ತೀರ್ಥವನ್ನೂ ಮೂಸಿ ನೋಡುವ ಜೀವ. “ಆಚೆ ದಡದ ಪಟೇಲನೇ ಕಣೋ, ಕಾಯಿ ಮೂಟೆ ಕೊಟ್ಟು ಗೆರೆ ತಿರುಗಿಸ್ಬಿಟ್ಟವ್ನೆ,” ಎಂದು ತೀರ್ಪಿತ್ತಳು. ಪಟೇಲರ ಹೆಂಡತಿ ಅವಳ ಬಾಲ್ಯದ ಗೆಳತಿ. ಅಂದಿನಿಂದ ಚಿಕ್ಕಮ್ಮ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಊರಿನ ಮೇಷ್ಟ್ರಾದ ನಾನು ‘ಅಕ್ಷಮ್ಯ ಅನ್ಯಾಯ’ವೆಂದು ಸಂಸ್ಕೃತ ಸುರಿದು ಸರ್ಕಾರಕ್ಕೆ ಅರ್ಜಿ ಗೀಚಿದೆ. ಗೆರೆ ಎಳೆಯುವ ಮುನ್ನ ಆಕ್ಷೇಪಣೆ ಕರೆದಿದ್ದೆವು, ಯಾರೂ ಸಲ್ಲಿಸಲಿಲ್ಲ, ಎಂದು ಉತ್ತರ ಬಂತು. ಕರೆದಿದ್ದರಂತೆ! ನಮ್ಮ ಚಾವಡಿ ಗೋಡೆಗೇ ಪ್ರಕಟಣೆ ಅಂಟಿಸಿದ್ದರಂತೆ! ಶುದ್ಧ ಸುಳ್ಳೆಂದು ನಾನೇ ಜಗಲಿಯಲ್ಲಿ ಭಾಷಣ ಬಿಗಿದೆ.

ಮುಂದೊಂದು ಮಳೆಗಾಲ ಬಸ್ಸಿಗೆಂದು ಹಳ್ಳ ದಾಟುವಾಗ ಚಿಕ್ಕಮ್ಮ ಜಾರಿ ಕಾಲು ಮುರಿದುಕೊಂಡಳು. ಮೂಳೆ ಕೂಡಿತು, ಕುಂಟು ಉಳಿಯಿತು.

ಎಂಬತ್ತರ ದಶಕದಲ್ಲಿ ಚಾವಡಿಗೆ ಸುಣ್ಣ ಬಳಿಸುವ ಉಸ್ತುವಾರಿ ನನಗೇ ಬಂತು. ಗೋಡೆಗೆ ನೀರೆರಚಿ ವರ್ಷಗಳ ಕಾಗದ ಸುಲಿಯುತ್ತಾ ಹೋದರೆ, ಅಡಿಯಲ್ಲಿ ನಮ್ಮೂರ ಹಳೆಯ ನಾಟಕದ ಭಿತ್ತಿಪತ್ರ. ಕಥಾನಾಯಕ ನಾನೇ, ಗೋಡೆಯ ನಟ್ಟನಡುವೆ ಮೈದಾ ಅಂಟು ಬಳಿದು ಅಂಟಿಸಿದವನೂ ನಾನೇ. ಹೆಮ್ಮೆಯಿಂದ ಅದನ್ನೂ ಸುಲಿದೆ. ಕೆಳಗೆ ಆ ಪ್ರಕಟಣೆ ಇತ್ತು. ದಪ್ಪಕ್ಷರದ ನನ್ನ ಹೆಸರು ಕೂತಿದ್ದದ್ದು ಸರಿಯಾಗಿ ಆಕ್ಷೇಪಣೆಯ ಕೊನೆಯ ದಿನಾಂಕದ ಮೇಲೆ. ಸುತ್ತ ನೋಡಿ, ಅದನ್ನು ಮುದುರಿ ಜೇಬಿಗಿಳಿಸಿದೆ.

ಅದೇ ಸಂಜೆ ಚಿಕ್ಕಮ್ಮನನ್ನು ಹಳ್ಳ ದಾಟಿಸಬೇಕಾಯಿತು. ಮಂಡಿಯುದ್ದದ ನೀರಿನಲ್ಲಿ ನನ್ನ ಭುಜ ಹಿಡಿದು, ಎಂದಿನಂತೆ ಪಟೇಲರ ವಂಶಕ್ಕೆ ಶಾಪ ಹಾಕಿ ಮುಗಿಸಿ, “ಈ ಊರಾಗೆ ನಾನು ನಂಬೋದು ನಿನ್ನೊಬ್ಬನ್ನೇ ಕಣೋ,” ಎಂದಳು. ಹೇಳಿಬಿಡೋಣವೆಂದು ಬಾಯಿ ತೆರೆದೆ. ಗಾಬರಿಗೆ ಮತ್ತೆ ಜಾರಿಯಾಳೆಂದು ಮುಚ್ಚಿಕೊಂಡೆ. ದಡ ಸೇರಿದ ಮೇಲೆ ಆ ನೆಪವೂ ಇರಲಿಲ್ಲ. ಆದರೂ ಹೇಳಲಿಲ್ಲ.

ಚಿಕ್ಕಮ್ಮ ಗೆಳತಿಯ ಮುಖ ನೋಡದೆಯೇ ತೀರಿಕೊಂಡಳು. ನಾನು ಇಂದಿಗೂ ಗೋಡೆಯ ಕಾಗದ ಸುಲಿಯುತ್ತೇನೆ. ಅಡಿಯಲ್ಲಿ ಯಾರ ಕಪಟವಿದೆಯೋ ಎಂದಲ್ಲ; ನಾನೇನು ಮುಚ್ಚಿದ್ದೇನೋ ಎಂದು, ಮೇಲಿನ ಕಾಗದದಲ್ಲಿ ನನ್ನ ಹೆಸರಿದೆಯೇ ಎಂದು ಮೊದಲು ನೋಡಿಕೊಂಡು.