ಕೆನ್ನೆಯೊಳಗಿನ ಮದ್ದು

ಗೌನಿಪಲ್ಲಿಯ ಸಿನಿಮಾ ಟೆಂಟಿನಲ್ಲಿ ಹೆಂಗಸರ ಕಡೆಯ ಟಿಕೆಟು ಹರಿಯುತ್ತಿದ್ದವಳು ಮುನಿಗಂಗಮ್ಮ. ಅದು ಸಂಬಳದ ಕೆಲಸ. ಸಂಬಳವಿಲ್ಲದ ಇನ್ನೊಂದನ್ನು ಅವಳೇ ಮೈಮೇಲೆ ಹಾಕಿಕೊಂಡಿದ್ದಳು. ಗಡಿಯ ಊರು, ಹೆಂಗಸರಲ್ಲಿ ಅರ್ಧಕ್ಕರ್ಧ ಮನೆಯಲ್ಲಿ ತೆಲುಗು ಆಡುವವರು. ಪರದೆಯ ಮೇಲೆ ಕನ್ನಡ ವೇಗವಾಗಿ ಓಡಿದರೆ ಹಿಂದೆ ಬೀಳುತ್ತಿದ್ದರು. ಮುನಿಗಂಗಮ್ಮ ನಡುಗಂಬಕ್ಕೆ ಒರಗಿ ನಿಂತು, ಯಾರು ಯಾರಿಗೆ ಏನಾಗಬೇಕು, ಯಾರು ಸುಳ್ಳು ಹೇಳುತ್ತಿದ್ದಾನೆ ಎಂಬುದನ್ನೆಲ್ಲ ತೆಲುಗಿನಲ್ಲಿ ಕೂಗಿ ಹೇಳುತ್ತಿದ್ದಳು. ಶಾಲೆಯ ಮುಖ ಕಂಡವಳಲ್ಲ. ಬೈರಕೂರಿನಿಂದ ಮದುವೆಯಾಗಿ ಬಂದು, ಇಪ್ಪತ್ತಾರಕ್ಕೆ ಗಂಡನನ್ನು ಕಳೆದುಕೊಂಡು, ಮಾವಿನ ತೋಪಿನ ಕೂಲಿ ಬಿಟ್ಟು ಟೆಂಟಿಗೆ ಸೇರಿದವಳು. ಒಂದು ಚಿತ್ರವನ್ನು ಒಮ್ಮೆ ನೋಡಿದರೆ ಸಾಕು, ಮಾತೆಲ್ಲ ಬಾಯಿಪಾಠ.

೧೯೭೯ರ ಬೇಸಿಗೆಯಲ್ಲಿ ಪಕ್ಕದ ಮನೆಯಲ್ಲಿ ತಕರಾರು ಹುಟ್ಟಿತು. ಶಾಮಲಮ್ಮನ ಮಗನಿಗೆ ಉಂಡ ಕೂಡಲೇ ಹೊಟ್ಟೆನೋವು. ಗಂಡನನ್ನು ಕೈಯೊಳಗಿಟ್ಟುಕೊಳ್ಳಲು ಸೊಸೆ ಆದಿಲಕ್ಷ್ಮಿ ಅನ್ನದಲ್ಲಿ ವಶೀಕರಣದ ಮದ್ದು ಹಾಕಿದ್ದಾಳೆಂದು ಶಾಮಲಮ್ಮ ನಂಬಿದಳು. ಮದ್ದು ತೆಗೆಯುವ ಕದಿರಪ್ಪಸ್ವಾಮಿ ಶುಕ್ರವಾರ ಬರುವುದೆಂದು ನಿಶ್ಚಯವಾಯಿತು. ಅವನು ರೋಗಿಯ ಹೊಟ್ಟೆಗೆ ಬಾಯಿಟ್ಟು ಹೀರಿ, ಕೂದಲು ಸುತ್ತಿದ ಕಪ್ಪು ಉಂಡೆಯನ್ನು ಬಾಳೆಲೆಯ ಮೇಲೆ ಉಗುಳುತ್ತಿದ್ದ. ಉಂಡೆ ಬಿದ್ದರೆ ಆದಿಲಕ್ಷ್ಮಿ ತವರಿಗೆ. ಮತ್ತೆ ಕರೆಸುವ ಮಾತಿಲ್ಲ. ಅವಳು ನಾಲ್ಕು ತಿಂಗಳ ಬಸುರಿ.

"ನಾನೇನೂ ಹಾಕಿಲ್ಲ ಗಂಗಕ್ಕ," ಎಂದಳು ಬಾವಿಕಟ್ಟೆಯಲ್ಲಿ.

"ನಂಗೊತ್ತು ಕಣೇ. ಸಾರಿಗೆ ಉಪ್ಪು ಹಾಕೋದೇ ಮರೀತೀಯ, ಮದ್ದು ಎಲ್ಲಿ ನೆನಪಿಟ್ಕೊಂಡು ಹಾಕ್ತೀಯ."

ಆ ವಾರವೇ ಟೆಂಟಿಗೆ ಹೊಸ ಚಿತ್ರ ಬಂತು. ಪೋಸ್ಟರಿನಲ್ಲಿ ಗಡ್ಡ, ರುದ್ರಾಕ್ಷಿ, ಎತ್ತಿದ ಅಭಯಹಸ್ತ. ನಿಜದಲ್ಲಿ ಅದು ಕಳ್ಳಸ್ವಾಮಿಯೊಬ್ಬನನ್ನು ಗೇಲಿ ಮಾಡುವ ನಗೆಚಿತ್ರ. ಅವನೂ ರೋಗವನ್ನು ಹೀರಿ ತೆಗೆಯುವವನೇ. ಆಪರೇಟರು ಮೊದಲ ಆಟದ ಹಿಂದಿನ ಸಂಜೆ ರೀಲು ಓಡಿಸಿ ನೋಡಿದಾಗ ಮುನಿಗಂಗಮ್ಮನಿಗೆ ಅದು ತಿಳಿಯಿತು. ಊರಿನ ಹೆಂಗಸರು ಪೋಸ್ಟರು ನೋಡಿ ದೇವರ ಚಿತ್ರವೆಂದುಕೊಂಡರು. ದೇವರ ಚಿತ್ರಕ್ಕೆ ಕಾಯಿ, ಕರ್ಪೂರ ತಂದು ಪರದೆಗೆ ಮಂಗಳಾರತಿ ಮಾಡುವುದು ಅವರ ರೂಢಿ.

"ಯಾವ ದೇವರು ಗಂಗಿ ಇದು?" ಎಂದು ಶಾಮಲಮ್ಮ ಕೇಳಿದಳು.

"ನೋಡಿದ್ರೆ ತಿಳಿಯುತ್ತೆ ಶಾಮಲಕ್ಕ. ನೀವಂತೂ ನೋಡ್ಲೇಬೇಕು. ಕಾಯಿ ತಗೊಂಡು ಬನ್ನಿ."

ಅವಳು ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ.

ಗುರುವಾರದ ಮೊದಲ ಆಟದಲ್ಲಿ ಸ್ವಾಮಿ ಪರದೆಗೆ ಬಂದೊಡನೆ ಹೆಂಗಸರ ಸಾಲಿನಲ್ಲಿ ಎರಡು ಕಾಯಿ ಒಡೆದವು. ಶಾಮಲಮ್ಮ ಎದ್ದು ನಿಂತು ಕರ್ಪೂರ ಹಚ್ಚಿದಳು. ಅಷ್ಟರಲ್ಲಿ ಪರದೆಯ ಸ್ವಾಮಿ ಬಾಗಿಲ ಮರೆಗೆ ಸರಿದು ಉಂಡೆಯೊಂದನ್ನು ಬಾಯಿಗೆ ತುರುಕಿಕೊಂಡ. ಗಂಡಸರ ಕಡೆ ನಗೆ ಎದ್ದಿತು. ಹೆಂಗಸರ ಕಡೆ ಕರ್ಪೂರ ಇನ್ನೂ ಉರಿಯುತ್ತಿತ್ತು.

"ಬುಗ್ಗಲೋ ಪೆಟ್ಟುಕುನ್ನಾಡು," ಕೆನ್ನೆಯೊಳಗೆ ಇಟ್ಟುಕೊಂಡ, ಎಂದು ಮುನಿಗಂಗಮ್ಮ ಕೂಗಿದಳು. ಯಾರೂ ನಂಬಲಿಲ್ಲ.

ಟೆಂಟಿನಲ್ಲಿದ್ದದ್ದು ಒಂದೇ ಮೆಷಿನ್ನು. ರೀಲು ಬದಲಿಸುವಾಗ ದೀಪ ಹತ್ತಿಸುತ್ತಿದ್ದರು. ದೀಪ ಹತ್ತಿದಾಗ ಮುನಿಗಂಗಮ್ಮ ಸಾಲಿನ ನಡುವೆ ಬಂದು, ಎಂದಿನಂತೆ ನಾಲ್ಕು ಮಾತಾಡಿ, ಇದ್ದಕ್ಕಿದ್ದಂತೆ ಬಗ್ಗಿ ಶಾಮಲಮ್ಮನ ಹೊಟ್ಟೆಗೆ ಬಾಯಿಟ್ಟು ಹೀರಿದಳು. ಅಂಗೈಗೆ ಹುಣಸೆಹಣ್ಣಿನ ಉಂಡೆ ಉಗುಳಿದಳು.

"ನೋಡಿ ಶಾಮಲಕ್ಕ, ನಿಮ್ಮ ಹೊಟ್ಟೇಲೂ ಮದ್ದು. ಯಾರು ಹಾಕಿದ್ದು? ನಿಮ್ಮತ್ತೆ ಸತ್ತು ಹತ್ತು ವರ್ಷ ಆಯ್ತಲ್ಲ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಶಾಮಲಮ್ಮ ನಗಲಿಲ್ಲ. "ಥೂ, ಹೊಸ ಸೀರೇನ ಎಂಜಲು ಮಾಡಿದ್ಯಲ್ಲೇ," ಎಂದು ಸೆರಗು ಒದರಿಕೊಂಡು ಅರ್ಧಕ್ಕೇ ಎದ್ದು ಹೋದಳು. ಕೆಲಸ ಕೆಟ್ಟಿತೆಂದು ಮುನಿಗಂಗಮ್ಮ ತಿಳಿದಳು. ಹಟದ ಹೆಂಗಸನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದ್ದು ತಪ್ಪಾಯಿತೆಂದುಕೊಳ್ಳುತ್ತ ಉಳಿದ ರೀಲುಗಳಿಗೆ ತೆಲುಗು ಹೇಳುವುದನ್ನೇ ಮರೆತಳು.

ಶುಕ್ರವಾರ ಬೆಳಿಗ್ಗೆ ಕದಿರಪ್ಪಸ್ವಾಮಿ ಬಂದ. ಮಗನನ್ನು ಅಂಗಳದ ಚಾಪೆಯ ಮೇಲೆ ಮಲಗಿಸಿದ್ದರು. ಆದಿಲಕ್ಷ್ಮಿ ಬಟ್ಟೆಗಂಟು ಕಟ್ಟಿಕೊಂಡು ಬಾಗಿಲಲ್ಲಿ ಕುಳಿತಿದ್ದಳು. ಮುನಿಗಂಗಮ್ಮ ಮೋಟುಗೋಡೆಯ ಆಚೆ ನಿಂತಳು. ಶಾಮಲಮ್ಮ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಕದಿರಪ್ಪ ಹೊಟ್ಟೆಯ ಮೇಲೆ ಬಗ್ಗುವ ಹೊತ್ತಿಗೆ ಮಾತ್ರ ಅವನ ಮುಂದೆ ನೀರಿನ ಚೊಂಬು ಹಿಡಿದಳು.

"ಬಾಯಿ ಮುಕ್ಕಳಿಸಿ ಸ್ವಾಮಿ."

ಅವನು ಬೇಡವೆಂದು ಕೈಯಾಡಿಸಿದ.

"ಎಂಜಲ ಬಾಯಿ ನನ್ನ ಮಗನಿಗೆ ಮುಟ್ಟಿಸೋದು ಬೇಡ. ಇಲ್ಲೇ, ಈ ಎಲೆ ಮೇಲೇ ಉಗೀರಿ."

ಅಂಗಳದ ತುಂಬ ಜನ. ಎಲ್ಲರ ಕಣ್ಣೂ ಅವನ ಕೆನ್ನೆಯ ಮೇಲೆ. ಕದಿರಪ್ಪ ಚೊಂಬು ತೆಗೆದುಕೊಂಡ, ಬಾಯಿಗೆ ನೀರು ಹುಯ್ದುಕೊಂಡ, ಉಗುಳಲಾರದೆ ಎಲ್ಲವನ್ನೂ ಗುಟುಕ್ಕನೆ ನುಂಗಿದ. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದ. ಆಮೇಲೆ ಎಷ್ಟು ಹೀರಿದರೂ ಎಲೆಯ ಮೇಲೆ ಬಿದ್ದದ್ದು ಎಂಜಲೊಂದೇ.

"ಈ ಮನೇಲಿ ಮದ್ದಿಲ್ಲ," ಎಂದು ಎದ್ದ.

"ಇತ್ತು ಸ್ವಾಮಿ," ಎಂದಳು ಮುನಿಗಂಗಮ್ಮ ಗೋಡೆಯಾಚೆಯಿಂದ. "ಈಗ ನಿಮ್ಮ ಹೊಟ್ಟೇಲಿದೆ. ತೆಗೆಯೋರ್ನ ಕರೆಸ್ಲಾ?"

ಆದಿಲಕ್ಷ್ಮಿಯ ಗಂಟು ಬಿಚ್ಚಿತು. ಮರುದಿನ ಮಗನನ್ನು ಬಸ್ಸಿನಲ್ಲಿ ಶ್ರೀನಿವಾಸಪುರದ ಡಾಕ್ಟರ ಬಳಿಗೆ ಕರೆದೊಯ್ದರು. ಹೊಟ್ಟೆಯಲ್ಲಿ ಹುಣ್ಣೆಂದು ಗೊತ್ತಾಗಿ, ಮಾತ್ರೆಯಲ್ಲಿ ವಾಸಿಯಾಯಿತು.

ಮುನಿಗಂಗಮ್ಮನನ್ನು ದೊಡ್ಡ ವಿಚಾರವಂತೆ ಎಂದು ಯಾರೂ ತಿಳಿಯಬೇಕಾಗಿಲ್ಲ. ತೋಳಿನ ತಾಯಿತವನ್ನು ಅವಳು ಕೊನೆಯವರೆಗೂ ಬಿಚ್ಚಲಿಲ್ಲ. ಮದ್ದು ಹಾಕುವವರು ಲೋಕದಲ್ಲಿ ಇದ್ದಾರೆಂದೇ ನಂಬಿದ್ದಳು. ಆದರೆ ನಿರಪರಾಧಿಯೊಬ್ಬಳನ್ನು ಮನೆಯಿಂದ ದಬ್ಬುವುದನ್ನು ಸುಮ್ಮನೆ ನೋಡುತ್ತ ನಿಲ್ಲುವುದು ಅವಳಿಂದಾಗಲಿಲ್ಲ. ಓದಿದ ಎಷ್ಟೋ ಜನ ನಿಂತದ್ದುಂಟು.

ಶಾಮಲಮ್ಮ ಏಳು ತಿಂಗಳು ಅವಳೊಡನೆ ಮಾತಾಡಲಿಲ್ಲ. ಕೊನೆಗೆ ಒಂದು ಸಂಜೆ ಸೊಸೆಯನ್ನು ಕರೆದುಕೊಂಡು, ಎಳೆಯ ಮೊಮ್ಮಗಳನ್ನು ಎತ್ತಿಕೊಂಡು ಟೆಂಟಿನ ಬಾಗಿಲಿಗೆ ಬಂದಳು.

"ಇವತ್ತು ಯಾವ ದೇವರು ಗಂಗಿ?"

"ಇವತ್ತು ನಿಜವಾದ ದೇವರೇ ಶಾಮಲಕ್ಕ."

"ಮೊದಲು ಬಾಯಿ ತೆಗಿ, ನೋಡೋಣ."

ಮುನಿಗಂಗಮ್ಮ ಬಾಯಿ ತೆರೆದು ತೋರಿಸಿ, ಟಿಕೆಟು ಹರಿದಳು.